ಲಸಿಕೆಯ ಜೊತೆಗೊಂದು ಪುಸ್ತಕ

ಮಗುವಿನ ವಿದ್ಯಾಭ್ಯಾಸ ಎಂದು ಆರಂಭವಾಗುತ್ತದೆ? ಈ ಪ್ರಶ್ನೆಯನ್ನು ಕೇಳಿದರೆ ನಮ್ಮಲ್ಲಿ ಬಹುಮಂದಿ ಶಾಲೆಗೆ ಸೇರಿದ ದಿನವನ್ನು ಹೆಸರಿಸುತ್ತಾರೆ. ಸಂಪ್ರದಾಯವನ್ನು ಬಲ್ಲವರು ಅಕ್ಷರಾಭ್ಯಾಸದ ದಿನವನ್ನು ನೆನೆಯುತ್ತಾರೆ. ವಿಜಯದಶಮಿಯಂದು ಹಿರಿಯರು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಅದರ ಬೆರಳು ಹಿಡಿದು ಮೊದಲ ಅಕ್ಷರವನ್ನು ಬರೆಯಿಸುವ ಪದ್ಧತಿ ಇಂದಿಗೂ ಅನೇಕ ಮನೆಗಳಲ್ಲಿ ಉಳಿದಿದೆ. ಅಕ್ಷರವನ್ನು ಅನ್ನದಷ್ಟೇ ಪೂಜ್ಯವೆಂದು ಬಗೆದ ಆ ಭಾವನೆ ಗೌರವಕ್ಕೆ ಅರ್ಹವಾದುದು. ಆದರೆ ಬೆರಳು ಅಕ್ಕಿಯನ್ನು ಮುಟ್ಟುವುದಕ್ಕೆ ಎಷ್ಟೋ ಮೊದಲೇ ಕಿವಿಯು ತನ್ನ ಕೆಲಸವನ್ನು ಪ್ರಾರಂಭಿಸಿರುತ್ತದೆ. ಓದಿನ ಬೀಜ ಬೀಳುವುದು ಅಲ್ಲಿ.

ಒಂದನೆಯ ತರಗತಿಯ ಕೊಠಡಿಯನ್ನು ಕಲ್ಪಿಸಿಕೊಳ್ಳಿರಿ. ಇಬ್ಬರು ಮಕ್ಕಳು ಒಂದೇ ದಿನ ಸೇರಿ, ಒಂದೇ ಸಾಲಿನಲ್ಲಿ ಕುಳಿತಿದ್ದಾರೆ. ಒಬ್ಬಳು ಹುಟ್ಟಿದಂದಿನಿಂದ ಕಥೆ ಕೇಳಿದ್ದಾಳೆ. ಪುಸ್ತಕವನ್ನು ಯಾವ ಕಡೆಯಿಂದ ತೆರೆಯಬೇಕೆಂಬುದನ್ನು ಬಲ್ಲಳು. ಮೊದಲು ಏನಾಯಿತು, ಆಮೇಲೆ ಏನಾಯಿತು ಎಂದು ಕ್ರಮವಾಗಿ ಹೇಳಬಲ್ಲಳು. ಇನ್ನೊಬ್ಬನು ಪುಸ್ತಕವನ್ನು ಹತ್ತಿರದಿಂದ ನೋಡುತ್ತಿರುವುದು ಅದೇ ಮೊದಲು. ಉಪಾಧ್ಯಾಯರು ಇಬ್ಬರಿಗೂ ಅದೇ ವರ್ಣಮಾಲೆಯನ್ನು ಕಲಿಸುತ್ತಾರೆ. ಮೊದಲನೆಯವಳಿಗೆ ಅಕ್ಷರವೆಂದರೆ ತನಗೆ ಗೊತ್ತಿರುವ ಮಾತಿನ ಗುರುತು. ಎರಡನೆಯವನಿಗೆ ಮಾತೂ ಹೊಸದು, ಗುರುತೂ ಹೊಸದು. ಇವರಿಬ್ಬರಲ್ಲಿ ಬುದ್ಧಿಯ ಭೇದವೇನೂ ಇಲ್ಲ. ಇರುವುದು ಅವಕಾಶದ ಭೇದ. ಆದರೂ ಕೆಲವೇ ತಿಂಗಳಲ್ಲಿ ಒಬ್ಬಳಿಗೆ ಜಾಣೆಯೆಂಬ ಹೆಸರು, ಇನ್ನೊಬ್ಬನಿಗೆ ದಡ್ಡನೆಂಬ ಹೆಸರು ಅಂಟಿಕೊಳ್ಳುತ್ತದೆ. ಆ ಹೆಸರು ಮುಂದಿನ ತರಗತಿಗಳಿಗೂ ಅವರ ಜೊತೆಯಲ್ಲಿಯೇ ನಡೆದು ಬರುತ್ತದೆ. ಒಂಬತ್ತನೆಯ ತರಗತಿಯಲ್ಲಿ ವಿಜ್ಞಾನವೋ ಚರಿತ್ರೆಯೋ ಕಷ್ಟವೆನ್ನುವ ವಿದ್ಯಾರ್ಥಿಗೆ ಎಷ್ಟೋ ವೇಳೆ ಕಷ್ಟವಾಗಿರುವುದು ಆ ವಿಷಯವಲ್ಲ, ಓದುವ ಕ್ರಿಯೆಯೇ ಎಂಬುದು ನಿಮ್ಮಲ್ಲಿ ಕೆಲವರ ಅನುಭವಕ್ಕೂ ಬಂದಿರಬಹುದು.

ಈ ಅಂತರ ಶಾಲೆಯಲ್ಲಿ ಹುಟ್ಟಿದ್ದಲ್ಲ; ಶಾಲೆಯಲ್ಲಿ ಅದು ಕಣ್ಣಿಗೆ ಬೀಳುತ್ತದೆ, ಅಷ್ಟೆ. ಹಾಗಾದರೆ ಅದನ್ನು ತಡೆಯುವ ಕೆಲಸವೂ ಶಾಲೆಗಿಂತ ಮೊದಲೇ ನಡೆಯಬೇಕು. ಅದನ್ನು ಯಾರು ಮಾಡಬೇಕು, ಎಲ್ಲಿ ಮಾಡಬೇಕು ಎಂಬುದೇ ಇಲ್ಲಿ ನಾವು ವಿಚಾರ ಮಾಡಬೇಕಾದ ಸಂಗತಿ. ಮಗುವಿಗೆ ಲಸಿಕೆ ಹಾಕುವ ಸ್ಥಳದಲ್ಲಿಯೇ ಅದರ ಮೊದಲ ಪುಸ್ತಕವನ್ನೂ ಕೊಡಬೇಕು ಎಂಬುದು ಈ ಲೇಖನದ ವಾದ. ಇದು ಮೊದಲು ವಿಚಿತ್ರವಾಗಿ ತೋರಬಹುದು. ವೈದ್ಯರಿಗೂ ಓದಿಗೂ ಏನು ಸಂಬಂಧ? ಸಂಬಂಧವಿದೆ, ಅದನ್ನು ತಿಳಿಯಲು ಶಿಶುವಿನ ಮೊದಲ ದಿನಗಳನ್ನು ಸ್ವಲ್ಪ ಗಮನಿಸಬೇಕು.

1980ರಲ್ಲಿ ಅಮೆರಿಕದ ಆಂಥನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ ಎಂಬ ವಿಜ್ಞಾನಿಗಳು ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಹುಟ್ಟಿ ಮೂರು ದಿನಗಳೂ ತುಂಬದ ಶಿಶುಗಳಿಗೆ ಚೀಪಲು ರಬ್ಬರಿನ ತೊಟ್ಟನ್ನು ಕೊಡಲಾಗಿತ್ತು. ಶಿಶು ಒಂದು ರೀತಿಯಲ್ಲಿ ಚೀಪಿದರೆ ಅದರ ತಾಯಿಯ ಧ್ವನಿ ಕೇಳಿಸುತ್ತಿತ್ತು. ಇನ್ನೊಂದು ರೀತಿಯಲ್ಲಿ ಚೀಪಿದರೆ ಬೇರೊಬ್ಬ ಹೆಂಗಸಿನ ಧ್ವನಿ. ಆ ಎಳೆಯ ಶಿಶುಗಳು ತಾಯಿಯ ಧ್ವನಿಯನ್ನೇ ಕೇಳುವಂತೆ ತಮ್ಮ ಚೀಪುವ ಲಯವನ್ನು ಬದಲಾಯಿಸಿಕೊಂಡವು. ಕಣ್ಣು ಸರಿಯಾಗಿ ನಿಲ್ಲದ ವಯಸ್ಸಿನಲ್ಲಿಯೇ ಮಗು ಧ್ವನಿಯನ್ನು ಗುರುತಿಸುತ್ತದೆ ಮತ್ತು ಅದನ್ನು ಬಯಸುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಇನ್ನೊಂದು ಪ್ರಯೋಗ 2003ರಲ್ಲಿ ಪ್ರಕಟವಾಯಿತು. ಅಮೆರಿಕದ ಸಿಯಾಟಲ್ ನಗರದಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಅವರ ಸಂಗಡಿಗರು ಒಂಬತ್ತು ತಿಂಗಳ ಮಕ್ಕಳಿಗೆ ಚೀನೀ ಭಾಷೆಯನ್ನು ಕೇಳಿಸಿದರು. ಆ ಮಕ್ಕಳ ಮನೆಮಾತು ಇಂಗ್ಲಿಷು. ಚೀನೀ ಭಾಷೆ ಅವರಿಗೆ ತೀರ ಅಪರಿಚಿತ. ಒಂದು ಗುಂಪಿನ ಮಕ್ಕಳೆದುರು ಚೀನೀ ಭಾಷೆಯವರು ಕುಳಿತು, ಪುಸ್ತಕ ಓದಿದರು, ಆಟಿಕೆ ತೋರಿಸಿ ಮಾತನಾಡಿದರು. ಮತ್ತೊಂದು ಗುಂಪಿಗೆ ಅದೇ ಮಾತನ್ನು ದೂರದರ್ಶನದ ಪರದೆಯ ಮೂಲಕವೂ, ಇನ್ನೊಂದಕ್ಕೆ ಕೇವಲ ಧ್ವನಿಮುದ್ರಣದ ಮೂಲಕವೂ ಕೇಳಿಸಲಾಯಿತು. ಹನ್ನೆರಡು ಬಾರಿ ಹೀಗೆ ಮಾಡಿದ ಮೇಲೆ ಪರೀಕ್ಷಿಸಿದಾಗ, ಎದುರು ಕುಳಿತ ಮನುಷ್ಯರಿಂದ ಕೇಳಿದ ಮಕ್ಕಳು ಆ ಭಾಷೆಯ ಧ್ವನಿಭೇದಗಳನ್ನು ಗುರುತಿಸಲು ಕಲಿತಿದ್ದವು. ಪರದೆಯಿಂದ ಕೇಳಿದ ಮಕ್ಕಳು ಏನನ್ನೂ ಕಲಿತಿರಲಿಲ್ಲ. ಮಾತು ಒಂದೇ, ಅವಧಿ ಒಂದೇ; ಕಣ್ಣಿಗೆ ಕಣ್ಣು ಸೇರಿಸುವ ಮನುಷ್ಯ ಮಾತ್ರ ಅಲ್ಲಿರಲಿಲ್ಲ.

ಈ ಎರಡು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನಮಗೆ ಬೇಕಾದ ತತ್ತ್ವ ದೊರೆಯುತ್ತದೆ. ಭಾಷೆ ಮಗುವಿಗೆ ಪ್ರೀತಿಯ ಮೂಲಕ, ಮುಖಾಮುಖಿಯಾಗಿ ಬರುತ್ತದೆ. ಎಳೆಯ ಮಗುವಿಗೆ ಪುಸ್ತಕವನ್ನು ತೋರಿಸುವುದೆಂದರೆ ಅಕ್ಷರ ಕಲಿಸುವುದಲ್ಲ. ಮಡಿಲಿನಲ್ಲಿ ಕುಳಿತ ಮಗು ಚಿತ್ರವನ್ನು ಬಡಿಯುತ್ತದೆ, ತಾಯಿ "ಇದು ಹಸು" ಎನ್ನುತ್ತಾಳೆ, ಮಗು "ಅಂಬಾ" ಎನ್ನುತ್ತದೆ, ತಾಯಿ "ಹೌದು, ಅಜ್ಜಿಯ ಮನೆಯಲ್ಲಿ ಅಂತಹ ಹಸು ಇದೆಯಲ್ಲವೆ?" ಎಂದು ಮಾತನ್ನು ಬೆಳೆಸುತ್ತಾಳೆ. ದಿನದ ಕೆಲಸದ ನಡುವೆ ನಾವು ಮಗುವಿನೊಡನೆ ಆಡುವ ಮಾತು ಬಹುಮಟ್ಟಿಗೆ "ಬಾ, ಕೂರು, ಉಣ್ಣು, ಬೇಡ" ಎಂಬಷ್ಟರಲ್ಲಿ ಮುಗಿದುಹೋಗುತ್ತದೆ. ಮನೆಯಲ್ಲಿ ಇಲ್ಲದ ಆನೆ, ಕಡಲು, ಹಡಗುಗಳ ಮಾತು ಬರುವುದಕ್ಕೆ ಚಿತ್ರದ ಪುಸ್ತಕವೊಂದು ನೆಪವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. 1995ರಲ್ಲಿ ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲೆ ಎಂಬ ಅಮೆರಿಕದ ಸಂಶೋಧಕರು 42 ಕುಟುಂಬಗಳ ಮಾತುಕತೆಯನ್ನು ಪರಿಶೀಲಿಸಿ, ಬಡವರ ಮಕ್ಕಳು ನಾಲ್ಕು ವರ್ಷ ತುಂಬುವುದರೊಳಗೆ ಉಳ್ಳವರ ಮಕ್ಕಳಿಗಿಂತ ಮೂರು ಕೋಟಿ ಮಾತುಗಳನ್ನು ಕಡಿಮೆ ಕೇಳಿರುತ್ತಾರೆ ಎಂದು ಅಂದಾಜು ಮಾಡಿದರು. ಈ ಸಂಖ್ಯೆ ಬಹಳ ಪ್ರಸಿದ್ಧವಾಯಿತು. ಆದರೆ ಇಷ್ಟು ಕಡಿಮೆ ಕುಟುಂಬಗಳಿಂದ ಅಷ್ಟು ದೊಡ್ಡ ತೀರ್ಮಾನಕ್ಕೆ ಬರಬಾರದೆಂದೂ, ಮನೆಯಲ್ಲಿ ತಾಯಿಯಲ್ಲದೆ ಇತರರು ಆಡುವ ಮಾತನ್ನೂ ಎಣಿಸಬೇಕೆಂದೂ ಮುಂದಿನ ವಿದ್ವಾಂಸರು ಆಕ್ಷೇಪಿಸಿದರು. ಆ ಆಕ್ಷೇಪ ನ್ಯಾಯವಾದುದು. ಬಡವರ ಮನೆ ಮಾತಿಲ್ಲದ ಮನೆಯಲ್ಲ. ಜೋಗುಳ, ಒಗಟು, ಗಾದೆ, ಅಜ್ಜಿಯ ಕಥೆಗಳು ನಮ್ಮ ಹಳ್ಳಿಯ ಗುಡಿಸಲುಗಳಲ್ಲಿಯೇ ಹೆಚ್ಚಾಗಿ ಬೆಳೆದವು. ಅಲ್ಲಿ ಇಲ್ಲದಿರುವುದು ಪುಸ್ತಕ. ಜೊತೆಗೆ, ಹಗಲೆಲ್ಲ ಕೂಲಿಗೆ ಹೋಗಿ ದಣಿದು ಬರುವ ತಾಯಿತಂದೆಗಳಿಗೆ ಬಿಡುವೂ ಇಲ್ಲ. ಆಡಿದ ಮಾತೇ ಮಗುವಿನ ಮಿದುಳಿಗೆ ಆಹಾರವೆಂದು ಅವರಿಗೆ ತಿಳಿಸಿದವರೂ ಇಲ್ಲ. ಈ ಕೊರತೆಯನ್ನು ಅವರ ತಪ್ಪೆಂದು ಎಣಿಸದೆ, ಸಮಾಜದ ಹೊಣೆಯೆಂದು ಎಣಿಸಬೇಕು.

ಈಗ ಮುಖ್ಯವಾದ ಪ್ರಶ್ನೆ ಬರುತ್ತದೆ. ಮಗುವಿನ ಮೊದಲ ಮೂರು ವರ್ಷಗಳಲ್ಲಿ ಸಮಾಜದ ಪರವಾಗಿ ಅದನ್ನು ಭೇಟಿಯಾಗುವವರು ಯಾರು? ಉಪಾಧ್ಯಾಯರಲ್ಲ; ಗ್ರಂಥಪಾಲಕರಲ್ಲ. ಶ್ರೀಮಂತರ ಮಗುವಾಗಲಿ, ಬಡವರ ಮಗುವಾಗಲಿ, ಅದನ್ನು ಎತ್ತಿಕೊಂಡು ಹೋಗುವ ಒಂದೇ ಸಾರ್ವಜನಿಕ ಸ್ಥಳವೆಂದರೆ ಲಸಿಕೆ ಹಾಕುವ ಸ್ಥಳ. ನಮ್ಮ ದೇಶದ ಲಸಿಕಾ ಕ್ರಮದಂತೆ ಹುಟ್ಟಿದಾಗ, ಆರು, ಹತ್ತು ಮತ್ತು ಹದಿನಾಲ್ಕನೆಯ ವಾರಗಳಲ್ಲಿ, ಒಂಬತ್ತು ತಿಂಗಳು ತುಂಬಿದ ಮೇಲೆ, ಹದಿನಾರರಿಂದ ಇಪ್ಪತ್ತನಾಲ್ಕನೆಯ ತಿಂಗಳೊಳಗೆ ಮಗುವಿಗೆ ಲಸಿಕೆ ಬೀಳಬೇಕು. ಆ ದಿನ ತಾಯಿ ಅಂದಿನ ಕೂಲಿಯನ್ನು ಬಿಟ್ಟಾದರೂ ಬರುತ್ತಾಳೆ. ಅಲ್ಲಿ ಹೇಳಿದ ಮಾತನ್ನು ಆದರದಿಂದ ಕೇಳುತ್ತಾಳೆ. ಇದಕ್ಕಿಂತ ಒಳ್ಳೆಯ ಅವಕಾಶ ಬೇರೆಲ್ಲಿ ದೊರೆತೀತು?

ಈ ಅವಕಾಶವನ್ನು ಕಂಡುಕೊಂಡವರು ಅಮೆರಿಕದ ಬಾಸ್ಟನ್ ನಗರದ ಕೆಲವು ವೈದ್ಯರು. ಅಲ್ಲಿನ ಬಾಸ್ಟನ್ ಸಿಟಿ ಆಸ್ಪತ್ರೆಗೆ ಬರುತ್ತಿದ್ದವರು ಹೆಚ್ಚಾಗಿ ಬಡವರು ಮತ್ತು ಬೇರೆ ದೇಶಗಳಿಂದ ಬಂದು ನೆಲಸಿದವರು. 1989ರಲ್ಲಿ ಅಲ್ಲಿನ ಮಕ್ಕಳ ವೈದ್ಯರಾದ ಬ್ಯಾರಿ ಝುಕರ್‌ಮನ್ ಮತ್ತು ರಾಬರ್ಟ್ ನೀಡಲ್‌ಮನ್ ಅವರು ಶಿಶು ಶಿಕ್ಷಣವನ್ನು ಬಲ್ಲ ಸಂಗಡಿಗರೊಡನೆ ಸೇರಿ "ರೀಚ್ ಔಟ್ ಅಂಡ್ ರೀಡ್" ಎಂಬ ಕಾರ್ಯಕ್ರಮವನ್ನು ಪ್ರಾರಂಭಿಸಿದರು. ಕೈ ಚಾಚಿ ಓದು ಎಂದು ಆ ಹೆಸರಿನ ಭಾವ. ಅದರ ಕ್ರಮ ಸರಳವಾದುದು. ಆರು ತಿಂಗಳಿನಿಂದ ಐದು ವರ್ಷದವರೆಗೆ ಮಗು ಆರೋಗ್ಯ ತಪಾಸಣೆಗೆ ಬಂದಾಗಲೆಲ್ಲ ವೈದ್ಯರು ಅದರ ವಯಸ್ಸಿಗೆ ಒಪ್ಪುವ ಒಂದು ಹೊಸ ಪುಸ್ತಕವನ್ನು ಅದರ ಕೈಗೆ ಕೊಡುತ್ತಾರೆ. ಅದನ್ನು ಮಗುವಿನೊಡನೆ ಹೇಗೆ ನೋಡಬೇಕು ಎಂಬುದನ್ನು ತಾಯಿಗೆ ಎರಡು ಮಾತಿನಲ್ಲಿ ಹೇಳಿ ತೋರಿಸುತ್ತಾರೆ. ಕಾಯುವ ಕೊಠಡಿಯಲ್ಲಿ ಸ್ವಯಂಸೇವಕರು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಪುಸ್ತಕ ಮಗುವಿನದಾಗಿ ಮನೆಗೆ ಹೋಗುತ್ತದೆ.

ವೈದ್ಯರಿಗೆ ಇದು ಹೊರಗಿನ ಕೆಲಸವಾಗಿ ಕಾಣಲಿಲ್ಲ. ಆರು ತಿಂಗಳ ಮಗುವಿಗೆ ಪುಸ್ತಕ ಕೊಟ್ಟರೆ ಅದು ಕೈ ಚಾಚಿ ಹಿಡಿದು ಬಾಯಿಗೆ ಹಾಕಿಕೊಳ್ಳುತ್ತದೆ; ಅದರಿಂದ ಕಣ್ಣು ಮತ್ತು ಕೈಗಳ ಹೊಂದಿಕೆ ತಿಳಿಯುತ್ತದೆ. ವರ್ಷದ ಮಗು ಚಿತ್ರವನ್ನು ಬೆರಳಿನಿಂದ ತೋರಿಸಲು ಯತ್ನಿಸುತ್ತದೆ. ಎರಡು ವರ್ಷದ ಮಗು ಹೆಸರು ಹೇಳುತ್ತದೆ, ಹಾಳೆಯನ್ನು ತಾನೇ ತಿರುವುತ್ತದೆ. ಮಗು ಕೇಳಿಸಿಕೊಳ್ಳುತ್ತಿದೆಯೆ, ನೋಡುತ್ತಿದೆಯೆ, ತಾಯಿಯ ಕಡೆಗೆ ತಿರುಗಿ ಮುಖ ನೋಡುತ್ತಿದೆಯೆ ಎಂಬುದನ್ನೆಲ್ಲ ಒಂದು ಪುಸ್ತಕ ವೈದ್ಯರಿಗೆ ತೋರಿಸಿಕೊಡುತ್ತದೆ. ಎದೆಬಡಿತವನ್ನು ಕೇಳಲು ವೈದ್ಯರ ಬಳಿ ಸಾಧನವಿದೆ. ಬೆಳವಣಿಗೆಯನ್ನು ನೋಡಲು ಪುಸ್ತಕ ಅಂತಹುದೇ ಒಂದು ಸಾಧನವಾಯಿತು.

ಇದರಿಂದ ಫಲ ದೊರೆಯಿತೆ ಎಂಬುದನ್ನೂ ಪರೀಕ್ಷಿಸಲಾಗಿದೆ. 1991ರಲ್ಲಿ ಪ್ರಕಟವಾದ ಮೊದಲ ಅಧ್ಯಯನದಲ್ಲಿಯೇ, ಪುಸ್ತಕ ಪಡೆದ ಕುಟುಂಬಗಳಲ್ಲಿ ಮಕ್ಕಳೊಡನೆ ಪುಸ್ತಕ ನೋಡುವ ರೂಢಿ ಹೆಚ್ಚಿದ್ದುದು ಕಂಡುಬಂದಿತು. 2001ರಲ್ಲಿ ನ್ಯೂಯಾರ್ಕ್ ನಗರದ ಬಡ ಮಕ್ಕಳನ್ನು ಕುರಿತು ನಡೆದ ಇನ್ನೊಂದು ಅಧ್ಯಯನದಲ್ಲಿ, ಈ ಕಾರ್ಯಕ್ರಮವಿದ್ದ ಚಿಕಿತ್ಸಾಲಯದ ಮಕ್ಕಳು ಮಾತನ್ನು ಅರ್ಥಮಾಡಿಕೊಳ್ಳುವುದರಲ್ಲಿಯೂ ಆಡುವುದರಲ್ಲಿಯೂ ಮುಂದಿದ್ದರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ ಒಂದು ನೀತಿಪತ್ರವನ್ನು ಹೊರಡಿಸಿ, ಓದಿಗೆ ಪ್ರೋತ್ಸಾಹ ಕೊಡುವುದು ಮಕ್ಕಳ ವೈದ್ಯಕೀಯದ ಅತ್ಯಗತ್ಯ ಅಂಗವೆಂದು ಸಾರಿತು. ಬಡ ಮಕ್ಕಳಿಗೆ ಕೊಡುವ ಪುಸ್ತಕಗಳಿಗೆ ಸರ್ಕಾರವೇ ಹಣ ಒದಗಿಸಬೇಕೆಂದೂ ಅದು ಕೇಳಿತು. 2024ರಲ್ಲಿ ಆ ನೀತಿಪತ್ರವನ್ನು ಪರಿಷ್ಕರಿಸಿ, ಈ ಕೆಲಸ ಹುಟ್ಟಿನಿಂದಲೇ ಆರಂಭವಾಗಬೇಕೆಂದು ಹೇಳಿದೆ.

ಇತರ ದೇಶಗಳಲ್ಲಿಯೂ ಇದೇ ವಿಚಾರ ಬೇರೆ ಬೇರೆ ರೂಪ ತಾಳಿತು. 1992ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಸುಮಾರು 300 ಶಿಶುಗಳಿಗೆ, ಮನೆಗಳನ್ನು ಸಂದರ್ಶಿಸುವ ಆರೋಗ್ಯ ಕಾರ್ಯಕರ್ತೆಯರ ನೆರವಿನಿಂದ ಪುಸ್ತಕದ ಚೀಲಗಳನ್ನು ಹಂಚಲಾಯಿತು. "ಬುಕ್‌ಸ್ಟಾರ್ಟ್" ಎಂಬ ಹೆಸರಿನ ಆ ಯೋಜನೆ ಮುಂದೆ ಸರ್ಕಾರದ ಅನುದಾನದಿಂದ ದೇಶದ ಎಲ್ಲ ಶಿಶುಗಳಿಗೂ ವಿಸ್ತರಿಸಿತು. ಇಟಲಿಯಲ್ಲಿ 1999ರಲ್ಲಿ ಮಕ್ಕಳ ವೈದ್ಯರೂ ಗ್ರಂಥಪಾಲಕರೂ ಒಂದುಗೂಡಿ ಇಂತಹುದೇ ಕಾರ್ಯಕ್ರಮವನ್ನು ಕೈಗೊಂಡರು. "ಓದಲೆಂದೇ ಹುಟ್ಟಿದವರು" ಎಂದು ಅದಕ್ಕೆ ಹೆಸರಿಟ್ಟರು.

ಆದರೆ ಒಳ್ಳೆಯ ಮನಸ್ಸಿನ ಜನರಿದ್ದ ಮಾತ್ರಕ್ಕೆ ಇಂತಹ ಕಾರ್ಯ ಬಾಳಿಕೆ ಬರುವುದಿಲ್ಲ ಎಂಬುದಕ್ಕೂ ಇಂಗ್ಲೆಂಡೇ ಉದಾಹರಣೆ. 2010ರ ಡಿಸೆಂಬರಿನಲ್ಲಿ ಅಲ್ಲಿನ ಸರ್ಕಾರ ಖರ್ಚು ತಗ್ಗಿಸುವ ನೆಪದಲ್ಲಿ ಈ ಯೋಜನೆಯ ಅನುದಾನವನ್ನು ಪೂರ್ಣವಾಗಿ ನಿಲ್ಲಿಸುವುದಾಗಿ ತಿಳಿಸಿತು. ಲೇಖಕರೂ ಪೋಷಕರೂ ಬಲವಾಗಿ ಪ್ರತಿಭಟಿಸಿದ ಮೇಲೆ ಕೆಲವೇ ದಿನಗಳಲ್ಲಿ ಆ ನಿರ್ಧಾರವನ್ನು ಹಿಂದಕ್ಕೆ ತೆಗೆದುಕೊಳ್ಳಲಾಯಿತು. ಆದರೂ ಅನುದಾನ ಹಿಂದಿನ ಮಟ್ಟದಲ್ಲಿ ಉಳಿಯಲಿಲ್ಲ. ಲಸಿಕೆಯ ಹಣವನ್ನು ಒಂದು ವರ್ಷ ನಿಲ್ಲಿಸಿ ನೋಡೋಣವೆಂದು ಯಾವ ಸರ್ಕಾರವೂ ಹೇಳುವುದಿಲ್ಲ. ಪುಸ್ತಕದ ಹಣವನ್ನು ಹಾಗೆ ಹೇಳಲು ಸಾಧ್ಯವಾಗುತ್ತದೆ. ಏಕೆಂದರೆ ಒಂದನ್ನು ಹಕ್ಕೆಂದು, ಇನ್ನೊಂದನ್ನು ಕೊಡುಗೆಯೆಂದು ಭಾವಿಸಲಾಗಿದೆ. ಈ ಭಾವನೆ ಬದಲಾಗುವವರೆಗೆ ಮಗುವಿನ ಪುಸ್ತಕ ಆಯವ್ಯಯ ಬರೆಯುವವರ ದಾಕ್ಷಿಣ್ಯದಲ್ಲಿಯೇ ಇರುತ್ತದೆ.

ಈಗ ನಮ್ಮ ಕಡೆಗೆ ದೃಷ್ಟಿ ಹಾಯಿಸೋಣ. ಮಕ್ಕಳ ಆರೈಕೆಯಲ್ಲಿ ನಮ್ಮ ದೇಶ ಕಡಮೆ ಸಾಧನೆಯನ್ನೇನೂ ಮಾಡಿಲ್ಲ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಸ್ಥಳಗಳಲ್ಲಿ ಆರಂಭವಾಯಿತು. ಅವುಗಳಲ್ಲಿ ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದು. ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆಗಳ ಜೊತೆಯಲ್ಲಿಯೇ ಶಾಲಾಪೂರ್ವ ಶಿಕ್ಷಣವನ್ನೂ ಸೇರಿಸಿದ ಈ ಯೋಜನೆ ದೇಹ ಮತ್ತು ಬುದ್ಧಿಗಳನ್ನು ಬೇರ್ಪಡಿಸದೆ ನೋಡಿತು. ಬಾಸ್ಟನ್ನಿನ ವೈದ್ಯರಿಗಿಂತ ಹದಿನಾಲ್ಕು ವರ್ಷ ಮೊದಲೇ ನಮ್ಮ ಅಂಗನವಾಡಿಯಲ್ಲಿ ಆ ವಿಚಾರದ ಮೊಳಕೆ ಇತ್ತು. ಆದರೆ ಶಿಕ್ಷಣದ ಭಾಗ ಮೂರು ವರ್ಷ ತುಂಬಿದ ಮಕ್ಕಳಿಗೆ ಮಾತ್ರ ಎಂದಾಯಿತು. ಅದಕ್ಕೂ ಕಿರಿಯ ಮಕ್ಕಳಿಗೆ ದೊರೆತದ್ದು ಆಹಾರ ಮತ್ತು ಲಸಿಕೆ.

ಮುಂದಿನ ಕಾನೂನುಗಳಲ್ಲಿಯೂ ಈ ಬಿರುಕು ಮುಚ್ಚಲಿಲ್ಲ. 2002ರ ಸಂವಿಧಾನ ತಿದ್ದುಪಡಿ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿ ಮಾಡಿತು. ಆರು ವರ್ಷದೊಳಗಿನವರ ಆರೈಕೆ ಮತ್ತು ಶಿಕ್ಷಣವನ್ನು ರಾಜ್ಯವು ಒದಗಿಸಲು ಯತ್ನಿಸಬೇಕಾದ ವಿಷಯವೆಂದು ನಿರ್ದೇಶಕ ತತ್ತ್ವಗಳಲ್ಲಿ ಇರಿಸಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯೂ ಅದೇ ದಾರಿಯಲ್ಲಿ ನಡೆಯಿತು. ನಮ್ಮ ರಾಜ್ಯದಲ್ಲಿ 2020ರ ಮಕ್ಕಳ ದಿನಾಚರಣೆಯಂದು "ಓದುವ ಬೆಳಕು" ಎಂಬ ಸ್ತುತ್ಯವಾದ ಕಾರ್ಯಕ್ರಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಪ್ರಾರಂಭವಾಯಿತು. ಅದರಲ್ಲಿ ಉಚಿತ ಸದಸ್ಯತ್ವ ಆರರಿಂದ ಹದಿನೆಂಟು ವರ್ಷದವರಿಗೆ. 2021ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನಿಪುಣ್ ಭಾರತ್ ಯೋಜನೆಯ ಗುರಿ ಮೂರನೆಯ ತರಗತಿಯೊಳಗೆ ಎಲ್ಲ ಮಕ್ಕಳಿಗೂ ಓದು, ಲೆಕ್ಕಗಳ ಅಡಿಪಾಯ ಹಾಕುವುದು. ಇವೆಲ್ಲ ಬೇಕಾದುವೇ. ಆದರೆ ಮಿದುಳಿನ ಬೆಳವಣಿಗೆಯಲ್ಲಿ ನೂರಕ್ಕೆ ಎಂಬತ್ತೈದಕ್ಕಿಂತ ಹೆಚ್ಚು ಭಾಗ ಆರು ವರ್ಷದೊಳಗೆ ಆಗುತ್ತದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳಿರುವಾಗ, ನಾವು ಪುಸ್ತಕವನ್ನು ಆರು ವರ್ಷದವರೆಗೆ ಬೀರುವಿನಲ್ಲಿ ಬೀಗ ಹಾಕಿಡುವುದು ಯಾವ ನ್ಯಾಯ?

2024ರಲ್ಲಿ ಕೇಂದ್ರ ಸರ್ಕಾರ "ನವಚೇತನ" ಎಂಬ ಹೆಸರಿನಲ್ಲಿ ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳ ಚಟುವಟಿಕೆಗಳ ಚೌಕಟ್ಟನ್ನು ಪ್ರಕಟಿಸಿತು. ಮೂವತ್ತಾರು ತಿಂಗಳಲ್ಲಿ ಮಗುವಿನೊಡನೆ ಹೇಗೆ ಆಡಬೇಕು, ಹೇಗೆ ಮಾತನಾಡಬೇಕು ಎಂಬುದನ್ನು ಅದು ತಿಂಗಳ ಕ್ರಮದಲ್ಲಿ ತಿಳಿಸುತ್ತದೆ. ದಾರಿ ಸರಿಯಾಗಿದೆ. ಇನ್ನು ಉಳಿದಿರುವುದು ಆ ಮಾತು ಕಾಗದದಿಂದ ಇಳಿದು ತಾಯಿಯ ಕಿವಿಗೆ, ಪುಸ್ತಕವಾಗಿ ಮಗುವಿನ ಕೈಗೆ ತಲಪುವುದು.

ಇದಕ್ಕೆ ಕೆಲವರು ಆಕ್ಷೇಪಗಳನ್ನು ಎತ್ತುತ್ತಾರೆ. ಹಸಿದ ಮಗುವಿಗೆ ಪುಸ್ತಕವೇಕೆ, ಮೊದಲು ಅನ್ನ ಕೊಡಿರಿ ಎನ್ನುವುದು ಮೊದಲನೆಯದು. ಅನ್ನ ಮೊದಲು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅನ್ನ ಕೊಡುವ ಕೈಯೇ ಮಾತನ್ನೂ ಕೊಡುತ್ತದೆ. ಚಂದಮಾಮನನ್ನು ತೋರಿಸಿ ತುತ್ತು ಉಣ್ಣಿಸುವ ತಾಯಿ ಎರಡನ್ನೂ ಒಟ್ಟಿಗೆ ಮಾಡುತ್ತಾಳೆ. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಾದ ಇಕ್ಕಟ್ಟು ಇಲ್ಲಿಲ್ಲ.

ಓದು ಬಾರದ ತಾಯಿಗೆ ಪುಸ್ತಕ ಕೊಟ್ಟು ಏನು ಪ್ರಯೋಜನ ಎಂಬುದು ಎರಡನೆಯ ಆಕ್ಷೇಪ. 2011ರ ಜನಗಣತಿಯಲ್ಲಿ ಕರ್ನಾಟಕದ ಮಹಿಳೆಯರಲ್ಲಿ ಅಕ್ಷರಸ್ಥರು ನೂರಕ್ಕೆ 68 ಮಂದಿ ಮಾತ್ರ ಇದ್ದರು. ಆದುದರಿಂದ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಎಳೆಯ ಮಗುವಿನ ಪುಸ್ತಕದಲ್ಲಿ ಮುಖ್ಯವಾದುದು ಚಿತ್ರ. ಅದನ್ನು ನೋಡಿ ಕಥೆ ಕಟ್ಟಲು ಅಕ್ಷರ ಬೇಕಿಲ್ಲ, ನಾಲಗೆ ಸಾಕು. ಅಕ್ಷರ ಬಾರದ ಅಜ್ಜಿಯರು ನಮಗೆ ಕಥೆಗಳ ಕಣಜವನ್ನೇ ಬಿಟ್ಟುಹೋಗಿದ್ದಾರೆ. ತುಳು, ಕೊಂಕಣಿ, ಕೊಡವ, ಉರ್ದು, ಲಂಬಾಣಿ ಮೊದಲಾದ ಮನೆಮಾತಿನವರು ತಮ್ಮ ಮಾತಿನಲ್ಲಿಯೇ ಚಿತ್ರವನ್ನು ವಿವರಿಸಬಹುದು. ಮನೆಮಾತಿನಲ್ಲಿ ಗಟ್ಟಿಯಾದ ಮಗು ಶಾಲೆಯ ಭಾಷೆಯನ್ನೂ ಸುಲಭವಾಗಿ ಹಿಡಿಯುತ್ತದೆ.

ಮೂರನೆಯ ಆಕ್ಷೇಪ ಸಮಯವನ್ನು ಕುರಿತದ್ದು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ರೋಗಿಗಳನ್ನು ನೋಡುವುದಕ್ಕೇ ಹೊತ್ತು ಸಾಲದು. ಇದು ನಿಜ. ಆದರೆ ನಮ್ಮಲ್ಲಿ ಬಾಸ್ಟನ್ನಿನಲ್ಲಿ ಇಲ್ಲದ ಒಂದು ಬಲವಿದೆ. 2018ರಲ್ಲಿ ಆರಂಭವಾದ ಶಿಶು ಆರೈಕೆಯ ಕಾರ್ಯಕ್ರಮದಂತೆ, ಮಗುವಿಗೆ ಮೂರು, ಆರು, ಒಂಬತ್ತು, ಹನ್ನೆರಡು ಮತ್ತು ಹದಿನೈದು ತಿಂಗಳಾದಾಗ ಆಶಾ ಕಾರ್ಯಕರ್ತೆಯರು ಅದರ ಮನೆಗೇ ಹೋಗಬೇಕಾಗಿದೆ. ಅವರು ತಾಯಿಯ ನೆರೆಹೊರೆಯವರು. ಅವಳ ಮಾತನ್ನು ಬಲ್ಲವರು. ವೈದ್ಯರು ಪುಸ್ತಕ ಕೊಟ್ಟು ಒಂದು ಮಾತು ಹೇಳಿದರೆ ಸಾಕು. ಉಳಿದುದನ್ನು ಇವರು ತೋರಿಸಿಕೊಡಬಲ್ಲರು. ಆದರೆ ಈಗಾಗಲೇ ಹೊರೆ ಹೊತ್ತ ಇವರ ಮೇಲೆ ಹೊಸ ಕೆಲಸವನ್ನು ಹೇರುವಾಗ ಅದಕ್ಕೆ ತರಬೇತಿಯನ್ನೂ ತಕ್ಕ ಸಂಭಾವನೆಯನ್ನೂ ಕೊಡುವುದು ಧರ್ಮ.

ನಾಲ್ಕನೆಯದು ನಮ್ಮ ಕಾಲದ ಆಕ್ಷೇಪ. ಮೊಬೈಲಿನಲ್ಲಿ ಹಾಡು, ಕಥೆ, ಚಿತ್ರ ಎಲ್ಲವೂ ಇರುವಾಗ ಕಾಗದದ ಪುಸ್ತಕವೇಕೆ ಎಂದು ಕೇಳುವವರಿದ್ದಾರೆ. ಸಿಯಾಟಲ್ಲಿನ ಪ್ರಯೋಗವೇ ಇದಕ್ಕೆ ಉತ್ತರ. ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಮಾರ್ಗಸೂಚಿ ನೀಡಿ, ಎರಡು ವರ್ಷದೊಳಗಿನ ಮಕ್ಕಳನ್ನು ಪರದೆಯ ಮುಂದೆ ಕೂರಿಸಬಾರದೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡವೆಂದೂ, ಅದರ ಬದಲು ಹಿರಿಯರು ಮಗುವಿಗೆ ಓದಿ ಹೇಳಬೇಕು, ಕಥೆ ಹೇಳಬೇಕು ಎಂದೂ ತಿಳಿಸಿದೆ. ಅಳುವ ಮಗುವಿನ ಕೈಗೆ ಮೊಬೈಲನ್ನು ಕೊಟ್ಟರೆ ಅದು ಸುಮ್ಮನಾಗುತ್ತದೆ. ಮಗು ಸುಮ್ಮನಾಗುವುದೇ ಇಲ್ಲಿರುವ ಹಾನಿ. ಆ ವಯಸ್ಸಿನಲ್ಲಿ ಅದು ಮಾತನಾಡಬೇಕು.

ಹಾಗಾದರೆ ಏನು ಮಾಡಬೇಕು? ತಾಯಿ ಕಾರ್ಡಿನಲ್ಲಿ ಲಸಿಕೆಯ ಸಾಲುಗಳ ಪಕ್ಕದಲ್ಲಿಯೇ ಪುಸ್ತಕಕ್ಕೂ ಒಂದು ಸಾಲು ಇರಬೇಕು. ಒಂಬತ್ತು ತಿಂಗಳಿಗೆ ದಡಾರದ ಲಸಿಕೆ ಹಾಕಿಸಿದ ದಿನ ಮೊದಲ ಪುಸ್ತಕ, ಮುಂದಿನ ಲಸಿಕೆಯ ದಿನ ಎರಡನೆಯದು ಮಗುವಿಗೆ ದೊರೆಯಬೇಕು. ಅವು ಹರಿಯದ ದಪ್ಪ ಹಾಳೆಯವಾಗಿದ್ದು, ನಮ್ಮ ಹೊಲ, ಮನೆ, ಸಂತೆ, ಜಾತ್ರೆಗಳ ಚಿತ್ರಗಳನ್ನು ಒಳಗೊಂಡಿರಬೇಕು. ಪಂಜೆ ಮಂಗೇಶರಾಯರು, ಜಿ. ಪಿ. ರಾಜರತ್ನಂ ಅವರಂತಹ ಹಿರಿಯರು ಮಕ್ಕಳಿಗಾಗಿ ಬರೆದ ನಾಡು ನಮ್ಮದು. ಬೆಂಗಳೂರಿನಲ್ಲಿ 2004ರಲ್ಲಿ ಸ್ಥಾಪಿತವಾದ ಪ್ರಥಮ್ ಬುಕ್ಸ್ ಸಂಸ್ಥೆ ಅನೇಕ ಭಾಷೆಗಳಲ್ಲಿ ಅಗ್ಗದ ಚಿತ್ರಪುಸ್ತಕಗಳನ್ನು ತಂದಿದೆ. ಯಾರು ಬೇಕಾದರೂ ಮುದ್ರಿಸಿಕೊಳ್ಳುವಂತೆ 2015ರಿಂದ ಕಥೆಗಳನ್ನು ಮುಕ್ತವಾಗಿ ಒದಗಿಸುತ್ತಿದೆ. ಆದುದರಿಂದ ಬರಹಕ್ಕೂ ಚಿತ್ರಕ್ಕೂ ಕೊರತೆಯಿಲ್ಲ. ಹಣದ ಮಾತಿಗೂ ದಾರಿಯಿದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಂತೆ ನಮ್ಮ ತಂದೆತಾಯಿಗಳು ಮನೆಗಂದಾಯದೊಡನೆ ಗ್ರಂಥಾಲಯ ಕರವನ್ನೂ ತೆರುತ್ತಾರೆ. ಓದುಗರನ್ನು ಬೆಳೆಸುವುದಕ್ಕೆಂದು ತೆತ್ತ ಆ ಹಣದ ಒಂದು ಪಾಲು ಅತ್ಯಂತ ಕಿರಿಯ ಓದುಗನಿಗೆ ಸಲ್ಲುವುದು ಉಚಿತವಲ್ಲವೆ? ಗ್ರಾಮದ ಗ್ರಂಥಾಲಯದ ಸದಸ್ಯತ್ವವೂ ಆರು ವರ್ಷದವರೆಗೆ ಕಾಯದೆ ಮಗುವಿನ ಹುಟ್ಟಿನಿಂದಲೇ ಆರಂಭವಾಗಲಿ.

ಇದು ಸರ್ಕಾರದ ಕೆಲಸ, ನಮಗೇಕೆ ಎಂದು ನೀವು ಭಾವಿಸಬಾರದು. ಸರ್ಕಾರದ ನೀತಿ ಜನರ ಒತ್ತಾಯದಿಂದ ರೂಪುಗೊಳ್ಳುತ್ತದೆ. ಇನ್ನು ಕೆಲವೇ ವರ್ಷಗಳಲ್ಲಿ ನೀವು ಮತದಾರರಾಗುವಿರಿ; ನಿಮ್ಮಲ್ಲಿ ಕೆಲವರು ದಾದಿಯರೋ ವೈದ್ಯರೋ ಪಂಚಾಯಿತಿಯ ಸದಸ್ಯರೋ ಆಗುವಿರಿ; ಬಹುಮಂದಿ ತಾಯಿತಂದೆಗಳಾಗುವಿರಿ. ಆದರೆ ಅಷ್ಟು ಕಾಲ ಕಾಯಬೇಕಾದ ಅಗತ್ಯವೂ ಇಲ್ಲ. ನಿಮ್ಮ ಮನೆಯಲ್ಲಿಯೋ ನೆರೆಮನೆಯಲ್ಲಿಯೋ ತೊಡೆಯೇರಿ ಕೂರುವ ವಯಸ್ಸಿನ ತಮ್ಮನೋ ತಂಗಿಯೋ ಇರಬಹುದು. ಸಂಜೆ ನಿಮ್ಮ ಪಾಠ ಮುಗಿದ ಮೇಲೆ ಆ ಮಗುವನ್ನು ಹತ್ತಿರ ಕೂರಿಸಿಕೊಂಡು ಚಿತ್ರವಿರುವ ಯಾವುದಾದರೂ ಪುಸ್ತಕವನ್ನು ತೆರೆಯಿರಿ. ಅದು ಕೇಳಿದ ಪ್ರಶ್ನೆಗೆ ಬೇಸರವಿಲ್ಲದೆ ಉತ್ತರ ಹೇಳಿರಿ. ಅದೇ ಕಥೆಯನ್ನು ಮತ್ತೆ ಮತ್ತೆ ಕೇಳಿದರೆ ಮತ್ತೆ ಮತ್ತೆ ಹೇಳಿರಿ. ಆ ಮಗು ಒಂದನೆಯ ತರಗತಿಗೆ ಕಾಲಿಡುವ ದಿನ ಅಕ್ಷರವು ಅದಕ್ಕೆ ಹೆದರಿಸುವ ಹೊಸಬನಂತೆ ಕಾಣದೆ, ಮನೆಗೆ ಬಂದು ಹೋಗುವ ನೆಂಟನಂತೆ ಕಂಡರೆ ನಿಮ್ಮ ಶ್ರಮ ಸಾರ್ಥಕವಾಯಿತೆಂದು ತಿಳಿಯಿರಿ.